ಭಾರತೀಯಳಾಗಲು ಏಳು ವರ್ಷ, ಬಾಗಲವಾಡದವಳಾಗಲು ಎಷ್ಟು?

ಇಂದ:
ಆನ್‌ಲೈನ್ ಅರ್ಜಿ ತುಂಬುವ ಅಂಗಡಿಯವ,
ಬಾಗಲವಾಡ, ಕವಿತಾಳ ಸಮೀಪ, ರಾಯಚೂರು ಜಿಲ್ಲೆ.

ಇವರಿಗೆ:
ಮಾನ್ಯ ಮುಖ್ಯಮಂತ್ರಿಗಳು, ಮಾನ್ಯ ಕಂದಾಯ ಸಚಿವರು, ಮಾನ್ಯ ಸಮಾಜ ಕಲ್ಯಾಣ ಸಚಿವರು, ಕರ್ನಾಟಕ ಸರ್ಕಾರ. ಹಾಗೂ ಅಧ್ಯಕ್ಷರು, ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿ, ಕಲಬುರಗಿ.

ವಿಷಯ: ನೆರೆರಾಜ್ಯಗಳಿಂದ ಮದುವೆಯಾಗಿ ಬಂದ ಸೊಸೆಯರಿಗೆ ವಾಸಸ್ಥಳ, ಜಾತಿ ಪತ್ರ ಮತ್ತು 371ಜೆ ಅರ್ಹತಾ ಪತ್ರದ ವಿಷಯದಲ್ಲಿ ಆಗುತ್ತಿರುವ ತೊಂದರೆ.

ಮಾನ್ಯರೇ,

ಲಂಡನ್ನಿನಲ್ಲಿ ಹುಟ್ಟಿದ ಹೆಣ್ಣುಮಗಳೊಬ್ಬಳು ನಮ್ಮೂರಿನ ಹುಡುಗನನ್ನು ಮದುವೆಯಾಗಿ ಬಾಗಲವಾಡದಲ್ಲಿ ಸಂಸಾರ ಹೂಡಿದಳು ಎಂದುಕೊಳ್ಳಿ. ಮದುವೆ ನೋಂದಣಿಯಾಗಿ ಎರಡು ವರ್ಷ ಕಳೆದ ಮೇಲೆ ಅವಳು ಒಸಿಐ ಕಾರ್ಡಿಗೆ ಅರ್ಜಿ ಹಾಕಬಹುದು. ಏಳು ವರ್ಷ ಇಲ್ಲಿ ವಾಸವಿದ್ದರೆ 1955ರ ಪೌರತ್ವ ಕಾಯ್ದೆಯ 5(1)(ಸಿ) ಕಲಮಿನ ಪ್ರಕಾರ ಭಾರತದ ಪೌರತ್ವವನ್ನೇ ಕೇಳಬಹುದು. ಕೊಡುವುದು ಬಿಡುವುದು ಸರ್ಕಾರದ ಕೈಯಲ್ಲಿದೆ, ಆದರೆ ಎಷ್ಟು ವರ್ಷ ಕಾಯಬೇಕು ಎಂಬುದಂತೂ ಕಾಯ್ದೆಯಲ್ಲಿ ಅಚ್ಚಾಗಿದೆ. ಅದೇ ಗದ್ವಾಲದಿಂದಲೋ ಮಕ್ತಲದಿಂದಲೋ ಆದೋನಿಯಿಂದಲೋ ಹೆಣ್ಣು ತಂದರೆ, ಅವಳು ಎಷ್ಟು ವರ್ಷಕ್ಕೆ ಈ ಊರಿನವಳು, ಯಾವ ಕೆಲಸಕ್ಕೆ ಊರಿನವಳು, ಯಾವುದಕ್ಕೆ ಎಂದೆಂದಿಗೂ ಹೊರಗಿನವಳು ಎಂದು ಒಂದೇ ಹಾಳೆಯಲ್ಲಿ ಬರೆದು ಕೊಡುವ ಕಚೇರಿ ನಮ್ಮ ಕಡೆ ನನಗೆ ಸಿಕ್ಕಿಲ್ಲ. ಈ ಪತ್ರ ಆ ಹಾಳೆಗಾಗಿ.

ನಾನು ವಕೀಲನಲ್ಲ. ಊರಿನ ಮಂದಿಗೆ ಪಹಣಿ ತೆಗೆದುಕೊಡುವುದು, ಜಾತಿ ಆದಾಯ ಪತ್ರಕ್ಕೆ ಅರ್ಜಿ ಹಾಕುವುದು, ರೇಷನ್ ಕಾರ್ಡಿಗೆ ಹೆಸರು ಸೇರಿಸುವುದು ನನ್ನ ಕಸುಬು. ಯಾರ ಅರ್ಜಿ ಎಲ್ಲಿ ನಿಂತಿದೆ ಎಂಬುದು ನನ್ನ ಕಂಪ್ಯೂಟರಿಗೆ ಗೊತ್ತು. ನನ್ನ ಹೆಂಡತಿಯೂ ಗದ್ವಾಲ ಕಡೆಯವಳೇ. ಆದ್ದರಿಂದ ಹೊಟ್ಟೆಪಾಡಿನ ಕಡೆಯಿಂದಲೂ ಮನೆಯ ಕಡೆಯಿಂದಲೂ ಈ ವಿಷಯ ಬಲ್ಲೆ.

ಬೆಂಗಳೂರಿನಲ್ಲಿ ಕೂತವರಿಗೆ ಗದ್ವಾಲ ಎಂದರೆ ಬೇರೆ ರಾಜ್ಯ. ನಮಗೆ ಹಾಗಲ್ಲ. 1956ರ ನವೆಂಬರ್ 1ರ ತನಕ ಗದ್ವಾಲ, ಆಲಂಪುರ ಎರಡೂ ರಾಯಚೂರು ಜಿಲ್ಲೆಯ ತಾಲ್ಲೂಕುಗಳೇ. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ಈ ಎರಡನ್ನು ಕಿತ್ತು ಆಂಧ್ರಕ್ಕೆ ಕೊಟ್ಟು, ಉಳಿದ ಜಿಲ್ಲೆಯನ್ನು ಮೈಸೂರು ರಾಜ್ಯಕ್ಕೆ ಸೇರಿಸಿತು. ಮಕ್ತಲಕ್ಕೆ ಹೋಗಬೇಕಾದರೆ ಕೃಷ್ಣೆ ದಾಟಬೇಕು, ಮಂತ್ರಾಲಯ ಆದೋನಿಗೆ ತುಂಗಭದ್ರೆ ದಾಟಬೇಕು. ಗದ್ವಾಲಕ್ಕೆ ಯಾವ ಹೊಳೆಯನ್ನೂ ದಾಟಬೇಕಿಲ್ಲ. ಎರಡು ಹೊಳೆಗಳ ನಡುವಿನ ಒಂದೇ ದೋಆಬಿನ ಪಡುವಣ ತುದಿಗೆ ನಾವು, ಮೂಡಣ ತುದಿಗೆ ಅವರು. 2013ರಿಂದ ರಾಯಚೂರು-ಗದ್ವಾಲ ನಡುವೆ ರೈಲೂ ಓಡುತ್ತಿದೆ. ಅಲ್ಲಿ 2014ರ ಜೂನ್ 2ರಂದು ತೆಲಂಗಾಣ ರಾಜ್ಯವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಎಂಬ ಜಿಲ್ಲೆಯೂ ಆಯಿತು. ನಮ್ಮ ಮುದುಕರು ಇವತ್ತಿಗೂ ಅದನ್ನೆಲ್ಲ 'ಆಂಧ್ರ' ಎಂದೇ ಕರೆಯುತ್ತಾರೆ, ಬೀಗತನ ಮಾತ್ರ ನಿಲ್ಲಿಸಿಲ್ಲ. ಗಡಿ ಹಾಕಿದವರು ಮದುವೆಗಳನ್ನು ಕೇಳಿ ಹಾಕಲಿಲ್ಲ.

ಈಗ ಸೊಸೆ ಬಂದ ಮೇಲಿನ ಕಥೆ ಹೇಳುತ್ತೇನೆ.

ಶುರುವಾಗುವುದು ಬಸ್ಸಿನಲ್ಲಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಂಗಸರಿಗೆ ಬಸ್ಸು ಪುಕ್ಕಟೆ. ಆದರೆ ಕರ್ನಾಟಕದ ವಿಳಾಸವಿರುವ ಗುರುತಿನ ಚೀಟಿ ಬೇಕು. ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತು ರಾಯಚೂರಿಗೆ ಹೊರಟರೆ ಅತ್ತೆಗೆ ಶೂನ್ಯ ಚೀಟಿ, ಸೊಸೆಗೆ ಪೂರ್ತಿ ಟಿಕೆಟ್ಟು. ಇದು ಸಣ್ಣ ವಿಷಯ, ಸರಿಹೋಗುವಂಥದ್ದು. ಮದುವೆ ನೋಂದಣಿ ಪತ್ರ ಇದ್ದರೆ ಆಧಾರ್ ವಿಳಾಸ ಬದಲಿಸಬಹುದು. 2023ರ ಜನವರಿಯಿಂದ ಆಧಾರ್ ಪ್ರಾಧಿಕಾರವೇ ಇನ್ನೊಂದು ದಾರಿ ತೆರೆದಿದೆ: ಸಂಬಂಧದ ದಾಖಲೆ ಕೊಟ್ಟು, ಕುಟುಂಬದ ಮುಖ್ಯಸ್ಥರು ಮೊಬೈಲಿಗೆ ಬಂದ ಒಟಿಪಿ ಹಾಕಿ ಒಪ್ಪಿದರೆ, ಅವರ ವಿಳಾಸವೇ ಇವಳ ವಿಳಾಸ. ಮದುವೆಯೇ ವಾಸಕ್ಕೆ ಸಾಕ್ಷಿ ಎಂದು ದೆಹಲಿಯ ಒಂದು ಪ್ರಾಧಿಕಾರ ಒಪ್ಪಿಕೊಂಡಿತು ಎಂದರ್ಥ.

ಆದರೆ ಆ ಮದುವೆ ನೋಂದಣಿ ಪತ್ರ ಇರಬೇಕಲ್ಲ. ಮದುವೆಗಳೆಲ್ಲ ನೋಂದಣಿಯಾಗಬೇಕು ಎಂದು ಸುಪ್ರೀಂ ಕೋರ್ಟು 2006ರಲ್ಲಿ ಸೀಮಾ ಪ್ರಕರಣದಲ್ಲಿ ಹೇಳಿತು. ನಮ್ಮ ಸರ್ಕಾರ 2024ರ ಫೆಬ್ರವರಿಯಲ್ಲಿ ಹಿಂದೂ ಮದುವೆಗಳ ಆನ್‌ಲೈನ್ ನೋಂದಣಿಯನ್ನೂ ತಂದಿತು. ಇಷ್ಟಾದರೂ ಹಳ್ಳಿಯಲ್ಲಿ ಲಗ್ನಪತ್ರಿಕೆಯೇ ಪ್ರಮಾಣ, ಅಕ್ಷತೆ ಹಾಕಿದವರೇ ಸಾಕ್ಷಿ. ಮದುವೆಯಾಗಿ ಎರಡು ಮಕ್ಕಳಾದ ಮೇಲೆ, ಯಾವುದೋ ಅರ್ಜಿ ತಿರುಗಿ ಬಂದಾಗ, ಜನ ಉಪನೋಂದಣಾಧಿಕಾರಿ ಕಚೇರಿಯ ಹಾದಿ ಹಿಡಿಯುತ್ತಾರೆ.

ಆಮೇಲೆ ರೇಷನ್ ಕಾರ್ಡು. ತವರಿನ ಕಾರ್ಡಿನಲ್ಲಿ ಹೆಸರು ತೆಗೆಸದೆ ಇಲ್ಲಿ ಸೇರಿಸುವಂತಿಲ್ಲ. ಅಲ್ಲಿ ತೆಗೆಸಬೇಕಾದರೆ ಮೀಸೇವಾ ಕೇಂದ್ರಕ್ಕೆ ಹೋಗಬೇಕು, ಅರ್ಜಿ ತೆಲುಗಿನಲ್ಲಿ. ಇಲ್ಲಿ ತಿದ್ದುಪಡಿಗೆ ಪೋರ್ಟಲ್ ತೆರೆಯುವುದೇ ಆಗೊಮ್ಮೆ ಈಗೊಮ್ಮೆ, ತೆರೆದ ದಿನ ಸರ್ವರ್ ನಿಂತಿರುತ್ತದೆ. ಅಲ್ಲಿ ಹೆಸರು ಹೋಗಿ ಇಲ್ಲಿ ಹೆಸರು ಬಾರದ ಆ ನಡುವಿನ ತಿಂಗಳುಗಳಲ್ಲಿ ಅವಳ ಪಾಲಿನ ಅಕ್ಕಿ ಎರಡು ರಾಜ್ಯಗಳಲ್ಲಿ ಎಲ್ಲೂ ಇಲ್ಲ. ಮುಂದೆ ಅವಳು ಬೇರೆ ಮನೆ ಮಾಡಿ ಯಜಮಾನಿಯಾದಾಗ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿ ಕೂಡ ಇದೇ ಕಾರ್ಡಿಗೆ ಗಂಟುಬಿದ್ದಿದೆ.

ಇವೆಲ್ಲ ಓಡಾಟದ ತೊಂದರೆಗಳು. ಚಪ್ಪಲಿ ಸವೆಸಿದರೆ ಮುಗಿಯುತ್ತವೆ. ಓಡಾಡಿದರೂ ಮುಗಿಯದ ಎರಡು ತೊಂದರೆಗಳಿವೆ: ಒಂದು ಜಾತಿ ಪತ್ರ, ಇನ್ನೊಂದು ಸಂವಿಧಾನದ 371ಜೆ ವಿಧಿಯ ಅರ್ಹತಾ ಪತ್ರ.

ಜಾತಿ ಪತ್ರದ ಮಾತು ಮೊದಲು. ನಮ್ಮ ಜಿಲ್ಲೆಯಲ್ಲಿ ಬೇಡರು, ವಾಲ್ಮೀಕಿ ನಾಯಕರು ಪರಿಶಿಷ್ಟ ಪಂಗಡ. ನಾಯಕ ಎಂಬುದರ ಜೊತೆಗೆ ಬೇಡ, ಬೇಡರ್, ವಾಲ್ಮೀಕಿ ಎಂಬ ಹೆಸರುಗಳನ್ನೂ 1991ರಲ್ಲಿ ಸಂಸತ್ತು ಪಟ್ಟಿಗೆ ಸೇರಿಸಿತು. ಮಾನ್ವಿ, ದೇವದುರ್ಗ, ರಾಯಚೂರು ಗ್ರಾಮೀಣ ಈ ಮೂರೂ ವಿಧಾನಸಭಾ ಕ್ಷೇತ್ರಗಳು ಪಂಗಡಕ್ಕೆ ಮೀಸಲಾಗಿರುವುದನ್ನು ನೋಡಿದರೆ ಆ ಸಮುದಾಯ ಇಲ್ಲಿ ಎಷ್ಟಿದೆ ಎಂದು ತಿಳಿಯುತ್ತದೆ. ಗಡಿಯಾಚೆ ಅದೇ ಜನಕ್ಕೆ ಬೋಯ ಎನ್ನುತ್ತಾರೆ, ವಾಲ್ಮೀಕಿ ಬೋಯ ಎನ್ನುತ್ತಾರೆ. ಅದೇ ದೇವರು, ಅದೇ ಬೆಡಗು, ಕೊಟ್ಟು ತರುವ ಸಂಬಂಧ. ಆದರೆ ಅಲ್ಲಿ ಬಯಲು ಸೀಮೆಯ ಬೋಯರು ಹಿಂದುಳಿದ ವರ್ಗದ 'ಎ' ಗುಂಪು, ಬಿಸಿ-ಎ. ಅವರನ್ನು ಪಂಗಡಕ್ಕೆ ಸೇರಿಸಬೇಕೆಂದು 2023ರಲ್ಲಿ ತೆಲಂಗಾಣ, ಆಂಧ್ರ ಎರಡೂ ವಿಧಾನಸಭೆಗಳು ನಿರ್ಣಯ ಮಾಡಿ ದೆಹಲಿಗೆ ಕಳಿಸಿದವು.

ಹೀಗಾಗಿ ಒಂದು ಮನೆ ನೋಡಿ. ಗಂಡ ಪರಿಶಿಷ್ಟ ಪಂಗಡ, ಮಕ್ಕಳು ತಂದೆಯಂತೆ ಪಂಗಡ, ಹೆಂಡತಿ ತವರಿನಲ್ಲಿ ಬಿಸಿ-ಎ, ಗಂಡನ ಊರಿನಲ್ಲಿ ಸಾಮಾನ್ಯ ವರ್ಗ. ಲಂಬಾಣಿ ತಾಂಡಾಗಳಲ್ಲಿ ಇದು ಇನ್ನೂ ವಿಚಿತ್ರ. ಲಂಬಾಣಿಗರು ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ, ತೆಲಂಗಾಣದಲ್ಲಿ ಪರಿಶಿಷ್ಟ ಪಂಗಡ. ಅತ್ತಿಂದಿತ್ತ ಬಂದ ಸೊಸೆ ಅಲ್ಲಿಯ ಪಂಗಡವನ್ನು ಗಡಿಯಲ್ಲಿ ಬಿಟ್ಟು ಬಂದಳು, ಇಲ್ಲಿಯ ಜಾತಿ ಅವಳಿಗೆ ದಕ್ಕಲಿಲ್ಲ. ಮಾದಿಗರದು ಮತ್ತೂ ಕಷ್ಟ. ಅವರು ಎರಡೂ ರಾಜ್ಯಗಳ ಪಟ್ಟಿಯಲ್ಲಿ ಪರಿಶಿಷ್ಟ ಜಾತಿಯೇ. ಹೆಸರೂ ಅದೇ, ಪಟ್ಟಿಯೂ ಅದೇ. ಆದರೂ ಗಡಿ ದಾಟಿ ಬಂದ ಮಾದಿಗರ ಹೆಣ್ಣುಮಗಳಿಗೆ ಇಲ್ಲಿಯ ನೌಕರಿಯಲ್ಲಿ ಮೀಸಲಾತಿ ಸಿಗುವುದಿಲ್ಲ.

ಇದು ಗುಮಾಸ್ತರು ಮಾಡಿದ ಅನ್ಯಾಯವಲ್ಲ, ಅದನ್ನು ಒಪ್ಪುತ್ತೇನೆ. ಸಂವಿಧಾನದ 341, 342ನೇ ವಿಧಿಗಳ ಪ್ರಕಾರ ಪಟ್ಟಿ ಆಯಾ ರಾಜ್ಯಕ್ಕೆ ಸಂಬಂಧಪಟ್ಟದ್ದು. ವಲಸೆ ಬಂದವರಿಗೆ ಹೊಸ ರಾಜ್ಯದ ಮೀಸಲಾತಿ ಇಲ್ಲ ಎಂದು 1990ರ ಮರ್ರಿ ಚಂದ್ರಶೇಖರ ರಾವ್ ಪ್ರಕರಣದಲ್ಲೇ ಸುಪ್ರೀಂ ಕೋರ್ಟು ಹೇಳಿತು, 2018ರಲ್ಲಿ ಬೀರ್ ಸಿಂಗ್ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಪೀಠ ಅದನ್ನೇ ಗಟ್ಟಿ ಮಾಡಿತು. ಅದೇ ವರ್ಷ ರಂಜನಾ ಕುಮಾರಿ ಪ್ರಕರಣ ಬಂತು. ಆಕೆ ಪಂಜಾಬಿನ ವಾಲ್ಮೀಕಿ, ಪರಿಶಿಷ್ಟ ಜಾತಿಯವಳು. ಮದುವೆಯಾಗಿ ಉತ್ತರಾಖಂಡಕ್ಕೆ ಬಂದಳು. ಅಲ್ಲಿಯ ಪಟ್ಟಿಯಲ್ಲೂ ವಾಲ್ಮೀಕಿ ಇದೆ. ಆದರೂ ಅವಳಿಗೆ ಅಲ್ಲಿ ಮೀಸಲಾತಿ ಇಲ್ಲ ಎಂದು ಮೂವರ ಪೀಠ ತೀರ್ಪಿತ್ತಿತು. ಮದುವೆಯಿಂದ ಗಂಡನ ಜಾತಿಯ ಮೀಸಲಾತಿ ದಕ್ಕದು ಎಂದು 1996ರ ವಲ್ಸಮ್ಮ ಪಾಲ್ ತೀರ್ಪು ಮೊದಲೇ ಹೇಳಿತ್ತು. ಆ ತೀರ್ಪಿನ ಹಿಂದಿನ ಕಾರಣ ನನಗೂ ಸರಿಯೆನಿಸುತ್ತದೆ: ಮೇಲ್ಜಾತಿಯಲ್ಲಿ ಹುಟ್ಟಿ ಬೆಳೆದವಳು ಮದುವೆಯ ದಿನದಿಂದ ಮೀಸಲಾತಿ ಕೇಳಿದರೆ, ನಿಜವಾಗಿ ನೊಂದವರ ಪಾಲು ಹೋಗುತ್ತದೆ. ಆದರೆ ಹುಟ್ಟಿನಿಂದಲೇ ಮಾದಿಗಳಾಗಿ, ಅಲ್ಲಿಯೂ ಇಲ್ಲಿಯೂ ಅದೇ ಕೇರಿಯಲ್ಲಿ ಬಾಳುವವಳ ಮಾತು ಬೇರೆ. ಅವಳ ಕಷ್ಟ ಗಡಿ ದಾಟುವಾಗ ಕಡಿಮೆಯಾಗಲಿಲ್ಲ, ಪತ್ರ ಮಾತ್ರ ರದ್ದಿಯಾಯಿತು.

ಕಾನೂನು ಹೀಗಿರುವಾಗಲೂ ಕಚೇರಿಗಳು ಮಾಡಬಹುದಾದ ಒಂದು ಕೆಲಸವಿದೆ. ವಲಸೆ ಬಂದವರಿಗೆ, ಅವರ ತಂದೆಗೆ ಮೂಲ ರಾಜ್ಯದಲ್ಲಿ ಕೊಟ್ಟ ಪತ್ರದ ಆಧಾರದ ಮೇಲೆ, ಈಗ ವಾಸವಿರುವ ರಾಜ್ಯದಲ್ಲೇ ಜಾತಿ ಪತ್ರ ಕೊಡಬಹುದು ಎಂದು ಕೇಂದ್ರ ಗೃಹ ಇಲಾಖೆ 1985ರ ಫೆಬ್ರವರಿಯಲ್ಲೇ ರಾಜ್ಯಗಳಿಗೆ ಬರೆದಿದೆ. ಅದರಿಂದ ಈ ರಾಜ್ಯದ ಮೀಸಲಾತಿ ಬರುವುದಿಲ್ಲ, ಆದರೆ ಹುಟ್ಟಿದ ರಾಜ್ಯದ ಸವಲತ್ತು ಉಳಿಯುತ್ತದೆ. ಇದನ್ನು ಹೇಳಿದರೆ ಕೌಂಟರಿನಲ್ಲಿ ಬರುವ ಉತ್ತರ: 'ಅಕ್ಕಾ, ನಿಂದು ಆಂಧ್ರದ್ದು. ಇಲ್ಲಿ ಆಗಂಗಿಲ್ಲ, ಅಲ್ಲೇ ಹೋಗು.' ಅಲ್ಲಿಗೆ ಹೋದರೆ, 'ನಿನ್ನ ಆಧಾರ್ ಕರ್ನಾಟಕದ್ದು, ಇಲ್ಲಿ ಹೇಗೆ ಕೊಡಲಿ?' ಎಂಬ ಉತ್ತರ. ಇಬ್ಬರೂ ಬಾಯಲ್ಲಿ ಹೇಳುತ್ತಾರೆ, ಇಬ್ಬರೂ ಹಿಂಬರಹ ಕೊಡುವುದಿಲ್ಲ.

ರಾಜ್ಯದೊಳಗೇ ಮದುವೆಯಾದವರ ಪಾಡೂ ಸಲೀಸಲ್ಲ ಎಂಬುದನ್ನು ತಾವು ಬಲ್ಲಿರಿ. 2022ರ ಪದವೀಧರ ಪ್ರಾಥಮಿಕ ಶಿಕ್ಷಕರ ನೇಮಕಾತಿಯಲ್ಲಿ ಮದುವೆಯಾದ ಅಭ್ಯರ್ಥಿಗಳು ಜಾತಿ ಆದಾಯ ಪತ್ರ ತರಬೇಕಾದ್ದು ತಂದೆಯ ಹೆಸರಿನದೋ ಗಂಡನ ಹೆಸರಿನದೋ ಎಂಬ ಪ್ರಶ್ನೆ ಹೈಕೋರ್ಟಿನ ಮೆಟ್ಟಿಲೇರಿತು. ಒಂದೇ ರಾಜ್ಯದ, ಒಂದೇ ಇಲಾಖೆಯ ಅರ್ಜಿಯಲ್ಲಿ ಇಷ್ಟು ಗೊಂದಲವಾದರೆ ಗಡಿಯಾಚೆಯಿಂದ ಬಂದವಳ ಗತಿ ಏನು?

ಇನ್ನು 371ಜೆ. ವೈಜನಾಥ ಪಾಟೀಲರಂಥವರು ವರ್ಷಗಟ್ಟಲೆ ಹೋರಾಡಿ ತಂದ ಈ ವಿಧಿ ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಏನು ಕೊಟ್ಟಿದೆ ಎಂದು ನಮಗೆ ಗೊತ್ತು. ಸಂವಿಧಾನದ 98ನೇ ತಿದ್ದುಪಡಿ 2013ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ಮೇಲೆ ಈ ಪ್ರದೇಶದ ಕಾಲೇಜುಗಳಲ್ಲಿ ಶೇ 70 ಸೀಟು, ಪ್ರಾದೇಶಿಕ ವೃಂದದ ಹುದ್ದೆಗಳಲ್ಲಿ 'ಎ' ಮತ್ತು 'ಬಿ' ಗುಂಪಿಗೆ ಶೇ 75, 'ಸಿ' ಗುಂಪಿಗೆ ಶೇ 80, 'ಡಿ' ಗುಂಪಿಗೆ ಶೇ 85 ನಮ್ಮವರಿಗೆ. ರಾಜ್ಯದ ಉಳಿದ ಕಡೆಯ ಹುದ್ದೆ, ಸೀಟುಗಳಲ್ಲೂ ಶೇ 8. ಇದನ್ನು ಸಡಿಲಿಸಿ ಎಂದು ನಾನು ಕೇಳುತ್ತಿಲ್ಲ. ಕೇಳುತ್ತಿರುವುದು 'ನಮ್ಮವರು' ಯಾರು ಎಂಬುದನ್ನು.

ಸಂವಿಧಾನ ಹೇಳುವುದು: ಹುಟ್ಟಿನಿಂದ ಅಥವಾ ವಾಸದಿಂದ ಈ ಪ್ರದೇಶಕ್ಕೆ ಸೇರಿದವರು. ಓದಲು ಇದು ಗಂಡಿಗೂ ಹೆಣ್ಣಿಗೂ ಒಂದೇ. ಬಾಳಿನಲ್ಲಿ ಒಂದೇ ಅಲ್ಲ. ಬಾಗಲವಾಡದ ಗಂಡುಮಗ ಹುಟ್ಟಿದ್ದು ಇಲ್ಲೇ, ಇರುವುದು ಇಲ್ಲೇ. ಅವನಿಗೆ ಎರಡು ಬಾಗಿಲೂ ತೆರೆದಿವೆ. ಮದುವೆಗಾಗಿ ಊರು ಬಿಡುವವಳು ಹೆಣ್ಣು. 2011ರ ಜನಗಣತಿಯಲ್ಲಿ ದೇಶದ 45 ಕೋಟಿಗೂ ಹೆಚ್ಚು ಜನ ಹಿಂದೆ ಬೇರೆಡೆ ವಾಸವಿದ್ದು ಬಂದವರು. ಅದಕ್ಕೆ ಜನ ಕೊಟ್ಟ ಕಾರಣಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಮದುವೆ. ಮದುವೆಗಾಗಿ ಊರು ಬದಲಿಸಿದವರು ಹೆಚ್ಚುಕಡಿಮೆ ಎಲ್ಲರೂ ಹೆಂಗಸರು. ಆದ್ದರಿಂದ 'ಹುಟ್ಟಿದ್ದೆಲ್ಲಿ, ಎಷ್ಟು ವರ್ಷದಿಂದ ಇದ್ದೀ' ಎಂದು ಕೇಳುವ ಯಾವ ನಿಯಮವಾದರೂ ಸದ್ದಿಲ್ಲದೆ ಹೆಂಗಸರ ಮೇಲೆಯೇ ಬೀಳುತ್ತದೆ. ಊರಿನ ಮಗಳು ಊರು ಬಿಟ್ಟು ಹೋಗುತ್ತಾಳೆ, ಊರಿನಲ್ಲಿ ಉಳಿದು ಮಣ್ಣಾಗುವವಳು ಸೊಸೆ. ಅಂಗನವಾಡಿ ಕಾರ್ಯಕರ್ತೆ ಆಯಾ ಊರಿನ ನಿವಾಸಿಯೇ ಆಗಿರಬೇಕು ಎನ್ನುತ್ತೀರಿ. ಒಳ್ಳೆಯದು. ಆ ಕೆಲಸಕ್ಕೆ ಊರಿನಲ್ಲಿ ಉಳಿದ ಹೆಂಗಸರಲ್ಲಿ ಸೊಸೆಯರೇ ಹೆಚ್ಚಲ್ಲವೆ?

ಮಕ್ಕಳ ಮೇಲೂ ಇದರ ನೆರಳಿದೆ. ಚೊಚ್ಚಲ ಬಾಣಂತನ ತವರಿನಲ್ಲಿ ಆಗಬೇಕೆಂಬುದು ನಮ್ಮ ಪದ್ಧತಿ. ಹೆರಿಗೆ ಗದ್ವಾಲದ ಆಸ್ಪತ್ರೆಯಲ್ಲಾದರೆ ಜನನ ಪತ್ರದಲ್ಲಿ ತೆಲಂಗಾಣ ಎಂದು ಬೀಳುತ್ತದೆ. ಬಾಣಂತನ ಮುಗಿಸಿ ಕೂಸು ಬಾಗಲವಾಡಕ್ಕೆ ಬಂದು, ಇಲ್ಲೇ ಶಾಲೆ ಕಲಿತು ದೊಡ್ಡದಾದರೂ, 'ಹುಟ್ಟಿನಿಂದ' ಎಂಬ ಬಾಗಿಲು ಅದಕ್ಕೆ ಮುಚ್ಚಿದೆ. ತಂದೆಯ ದಾಖಲೆ, ಶಾಲೆಯ ದಾಖಲೆ ಹಿಡಿದು ಇನ್ನೊಂದು ಬಾಗಿಲಿನಿಂದ ಬರಬೇಕು. ಅದೇ ತಾಯಿಯ ಎರಡನೇ ಕೂಸು ರಾಯಚೂರಿನಲ್ಲಿ ಹುಟ್ಟಿದರೆ ಅದಕ್ಕೆ ಈ ತಾಪತ್ರಯವಿಲ್ಲ.

ನಮ್ಮ ಹೆಣ್ಣುಮಕ್ಕಳನ್ನು ಅತ್ತ ಕೊಟ್ಟಾಗಲೂ ಇದೇ. ತೆಲಂಗಾಣದಲ್ಲಿ 2018ರ ರಾಷ್ಟ್ರಪತಿ ಆದೇಶದಂತೆ ಒಂದರಿಂದ ಏಳನೇ ತರಗತಿಯೊಳಗೆ ಕನಿಷ್ಠ ನಾಲ್ಕು ವರ್ಷ ಎಲ್ಲಿ ಓದಿದ್ದಾರೋ ಅಲ್ಲಿಯ ಸ್ಥಳೀಯರು. ನಮ್ಮೂರ ಶಾಲೆಯಲ್ಲಿ ಓದಿದವಳು ಗದ್ವಾಲದ ಸೊಸೆಯಾದರೆ, ಅಲ್ಲಿ ಸ್ಥಳೀಯಳಾಗಲು ಮತ್ತೆ ಒಂದನೇ ತರಗತಿಗೆ ಹೆಸರು ಹಚ್ಚಬೇಕೇನೋ.

ಮಾನ್ಯರೇ, ಇದಕ್ಕಿಂತ ಹಳೆಯದೊಂದು ನಿಯಮವನ್ನು ತಮ್ಮ ಗಮನಕ್ಕೆ ತರುತ್ತೇನೆ. ರಾಯಚೂರು ಹೈದರಾಬಾದ್ ಸಂಸ್ಥಾನದಲ್ಲಿದ್ದಾಗ ನೌಕರಿಗೆ ಮುಲ್ಕಿಗಳೇ ಆಗಬೇಕೆಂಬ ನಿಯಮವಿತ್ತು. ನಿಜಾಮರ 1919ರ ಫರ್ಮಾನಿನಿಂದ ಬಂದ ಆ ಮುಲ್ಕಿ ನಿಯಮಗಳಲ್ಲಿ ಯಾರು ಮುಲ್ಕಿ ಎಂಬುದಕ್ಕೆ ನಾಲ್ಕು ದಾರಿ ಹೇಳಿತ್ತು: ಹುಟ್ಟಿನಿಂದ, ವಾಸದಿಂದ, ಸರ್ಕಾರಿ ನೌಕರನಾದ ತಂದೆಯ ಹದಿನೈದು ವರ್ಷದ ಸೇವೆಯಿಂದ, ನಾಲ್ಕನೆಯದಾಗಿ, ಮುಲ್ಕಿಯೊಬ್ಬನ ಹೆಂಡತಿಯಾಗಿರುವುದರಿಂದ. ಮುಲ್ಕಿ ನಿಯಮಗಳ ಮೇಲೆ ಆಮೇಲೆ ಎಷ್ಟೋ ಗಲಾಟೆಯಾಯಿತು. 1972ರಲ್ಲಿ ಸುಪ್ರೀಂ ಕೋರ್ಟು ಅವು ಊರ್ಜಿತ ಎಂದಿತು, ಮರುವರ್ಷ ಸಂಸತ್ತು ಅವನ್ನು ರದ್ದು ಮಾಡಿ ತೆಲುಗು ನಾಡಿಗೆ 371ಡಿ ತಂದಿತು. ನಿಜಾಮರ ಆಡಳಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಆ ಆಡಳಿತದಲ್ಲಿ ಹಿಂದುಳಿದದ್ದರಿಂದಲೇ ನಮಗೆ 371ಜೆ ಬೇಕಾಯಿತು. ಆದರೂ ಹೆಣ್ಣು ಮದುವೆಯಾಗಿ ಬರುತ್ತಾಳೆ, ಅವಳಿಗೂ ಒಂದು ಸಾಲು ಬೇಕು ಎಂಬುದು ಅರಸೊತ್ತಿಗೆಯ ಕಾರಕೂನರಿಗೆ ಹೊಳೆದಿತ್ತು. 371ಜೆ ವಿಧಿಯನ್ನು ಬರೆದ ಪ್ರಜಾಪ್ರಭುತ್ವದ ಸಂಸತ್ತು ಆ ಸಾಲನ್ನು ಬರೆಯಲಿಲ್ಲ.

ಹೊರದೇಶಗಳ ಪದ್ಧತಿಯನ್ನು ನೋಡಿದರೆ ಇದು ಇನ್ನಷ್ಟು ಸ್ಪಷ್ಟವಾಗುತ್ತದೆ. ಅಲ್ಲಿ ಎಲ್ಲವೂ ಸುಖವಾಗಿದೆ ಎಂದು ನಾನು ಹೇಳಲಾರೆ. ಬ್ರಿಟನ್ನಿನಲ್ಲಿ ಹೆಂಡತಿಯನ್ನು ಕರೆಸಿಕೊಳ್ಳಲು 2024ರ ಏಪ್ರಿಲ್‌ನಿಂದ ವರ್ಷಕ್ಕೆ 29,000 ಪೌಂಡ್ ವರಮಾನ ತೋರಿಸಬೇಕು. ಅದಕ್ಕೂ ಮುಂಚೆ 18,600 ಇತ್ತು. ಅವಳು ಇಂಗ್ಲಿಷ್ ಪರೀಕ್ಷೆ ಪಾಸಾಗಬೇಕು. ಬಡವನಾದವನು ಹೆಂಡತಿಯಿಂದ ದೂರವೇ ಉಳಿಯಬೇಕೆನ್ನುವಂಥ ನಿಷ್ಠುರ ನಿಯಮ ಅದು. ಆದರೆ ಲೆಕ್ಕ ಮುಚ್ಚಿಟ್ಟಿಲ್ಲ: ಐದು ವರ್ಷ ಒಟ್ಟಿಗೆ ಬಾಳಿದರೆ ಶಾಶ್ವತ ವಾಸಕ್ಕೆ ಅರ್ಜಿ. ಅಮೆರಿಕದಲ್ಲಿ ಮದುವೆಯಾಗಿ ಎರಡು ವರ್ಷ ತುಂಬಿರದಿದ್ದರೆ ಮೊದಲು ಷರತ್ತಿನ ಹಸಿರು ಕಾರ್ಡು. ಎರಡು ವರ್ಷ ಮುಗಿಯುತ್ತ ಬಂದಾಗ ಗಂಡ ಹೆಂಡತಿ ಸೇರಿ ಅರ್ಜಿ ಹಾಕಿ, ಇದು ಕಾಗದದ ಮದುವೆಯಲ್ಲ ಎಂದು ತೋರಿಸಬೇಕು. ಅಲ್ಲಿಯ ಪ್ರಜೆಯ ಜೊತೆ ಬಾಳುತ್ತಿದ್ದರೆ ಹಸಿರು ಕಾರ್ಡು ಸಿಕ್ಕ ಮೂರು ವರ್ಷಕ್ಕೆ ಪೌರತ್ವ ಕೇಳಬಹುದು. ಗಂಡ ಹೊಡೆಯುತ್ತಾನೆ, ಕಾಗದದ ಹೆದರಿಕೆಯಿಂದ ಅವನ ಜೊತೆಗೇ ಇರಬೇಕಾಗಿದೆ ಎನ್ನುವವಳಿಗೆ 1994ರ ಕಾಯ್ದೆ ತಾನೇ ಅರ್ಜಿ ಹಾಕುವ ಹಕ್ಕು ಕೊಟ್ಟಿದೆ. ಗಂಡ ತೀರಿಕೊಂಡರೆ ಬ್ರಿಟನ್ನಿನಲ್ಲಿ ಐದು ವರ್ಷ ತುಂಬುವ ಮುನ್ನವೇ ಶಾಶ್ವತ ವಾಸ ಕೇಳಲು ಬರುತ್ತದೆ.

ಅನುಮಾನ, ಪರೀಕ್ಷೆ, ಶುಲ್ಕ ಎಲ್ಲ ಇದ್ದರೂ ಅವರು ಮೂರು ಪ್ರಶ್ನೆಗಳಿಗೆ ಮೊದಲೇ ಉತ್ತರ ಬರೆದಿಟ್ಟಿದ್ದಾರೆ: ಎಷ್ಟು ದಿನ ಕಾಯಬೇಕು, ಮದುವೆ ನಿಜವೆಂದು ಹೇಗೆ ತೋರಿಸಬೇಕು, ಗಂಡ ಸತ್ತರೆ ಅಥವಾ ಬಿಟ್ಟರೆ ಏನು. ಪರದೇಶದವಳಿಗೆ ಅವರು ಇಷ್ಟು ಮಾಡಿದ್ದಾರೆ. ನಮ್ಮ ಸೊಸೆ ಪರದೇಶದವಳಲ್ಲ. ಈ ದೇಶದ ಯಾವ ಭಾಗದಲ್ಲಾದರೂ ನೆಲೆಸುವ ಹಕ್ಕನ್ನು 19ನೇ ವಿಧಿ ಅವಳಿಗೆ ಕೊಟ್ಟಿದೆ.

ನಮ್ಮ ಭಾಗದ ಹುಡುಗರು ಇದನ್ನು ಓದಿ ಸಿಟ್ಟಾಗಬಹುದು ಎಂಬುದನ್ನೂ ಬಲ್ಲೆ. 'ನಮಗ ಇರೋದೇ ನಾಕು ನೌಕರಿ, ಅದಕ್ಕೂ ಹೊರಗಿನವರನ್ನ ಕರೀತೀ ಏನು?' ಎಂದು ನನ್ನ ಅಂಗಡಿಯಲ್ಲೇ ಕೇಳಿದವರಿದ್ದಾರೆ. ಮದುವೆಯಾದ ಮರುದಿನವೇ 371ಜೆ ಸಿಗುವುದಾದರೆ ಪತ್ರಕ್ಕಾಗಿಯೇ ಮದುವೆಗಳು ಹುಟ್ಟುತ್ತವೆ ಎನ್ನುವ ಅವರ ಭಯ ಪೊಳ್ಳಲ್ಲ. ಅದಕ್ಕೆ ಮದ್ದು ಬಾಗಿಲು ಮುಚ್ಚುವುದಲ್ಲ, ಬಾಗಿಲಲ್ಲಿ ಲೆಕ್ಕ ಕೇಳುವುದು. ಮದುವೆ ನೋಂದಣಿಯಾದ ದಿನದಿಂದ ಮೂರು ವರ್ಷವೋ ಐದು ವರ್ಷವೋ ಇಲ್ಲೇ ಬಾಳಿದ್ದಾಳೆ ಎಂಬುದಕ್ಕೆ ಮತದಾರರ ಪಟ್ಟಿ, ರೇಷನ್ ಕಾರ್ಡು, ಉದ್ಯೋಗ ಖಾತ್ರಿಯ ಜಾಬ್ ಕಾರ್ಡು, ಮಗುವಿನ ಲಸಿಕೆ ಕಾರ್ಡು ಸಾಕ್ಷಿ ಹೇಳುತ್ತವೆ. ಹತ್ತಿ ಬಿಡಿಸಲು ಹೊಲಕ್ಕೆ ಬಂದವಳು ಯಾರು, ಪತ್ರಕ್ಕಾಗಿ ಹೆಸರು ಹಚ್ಚಿದವಳು ಯಾರು ಎಂಬುದು ಗ್ರಾಮ ಆಡಳಿತ ಅಧಿಕಾರಿಗೆ ಊರಲ್ಲಿ ಒಂದು ಸುತ್ತು ಹಾಕಿದರೆ ತಿಳಿಯುತ್ತದೆ.

ಇನ್ನು ನಮ್ಮ ಬೇಡಿಕೆಗಳು. ರಾಜ್ಯ ಸರ್ಕಾರದ ಕೈಲಾಗುವುದನ್ನು ಮೊದಲು ಬರೆದಿದ್ದೇನೆ, ದೆಹಲಿಗೆ ಹೋಗಬೇಕಾದ್ದನ್ನು ಕೊನೆಗೆ.

1. ಹೊರರಾಜ್ಯದಿಂದ ಮದುವೆಯಾಗಿ ಬಂದವರಿಗೆ ಯಾವ ಪತ್ರ ಯಾವಾಗ ಸಿಗುತ್ತದೆ, ಯಾವುದು ಸಿಗುವುದಿಲ್ಲ, ಯಾವ ನಿಯಮದ ಪ್ರಕಾರ ಎಂಬುದನ್ನು ಒಂದು ಪುಟದ ಸುತ್ತೋಲೆ ಮಾಡಿ, ಕನ್ನಡದಲ್ಲೂ ಗಡಿ ತಾಲ್ಲೂಕುಗಳಲ್ಲಿ ತೆಲುಗಿನಲ್ಲೂ, ಪ್ರತಿ ನಾಡಕಚೇರಿಯ ಮುಂದೆ ಹಾಕಬೇಕು.

2. ಅರ್ಜಿಯನ್ನು ಕೌಂಟರಿನಲ್ಲಿ ಬಾಯಿಮಾತಿನಿಂದ ವಾಪಸು ಕಳಿಸಬಾರದು. ಸಕಾಲದ ಜಿಎಸ್‌ಸಿ ಸಂಖ್ಯೆ ಕೊಟ್ಟು ತೆಗೆದುಕೊಳ್ಳಬೇಕು. ತಿರಸ್ಕರಿಸುವುದಾದರೆ ನಿಯಮದ ಸಂಖ್ಯೆ ಬರೆದು ಹಿಂಬರಹ ಕೊಡಬೇಕು.

3. 371ಜೆ ಅರ್ಹತಾ ಪತ್ರದ ವಿಷಯದಲ್ಲಿ ಸೊಸೆಯ ವಾಸ ಯಾವ ದಿನದಿಂದ ಎಣಿಕೆಯಾಗುತ್ತದೆ, ಎಷ್ಟು ವರ್ಷಕ್ಕೆ ತುಂಬುತ್ತದೆ ಎಂದು ಸಹಾಯಕ ಆಯುಕ್ತರ ಕಚೇರಿಗಳಿಗೆ ಸ್ಪಷ್ಟ ಆದೇಶ ಹೋಗಬೇಕು. ವಿಧವೆಯಾದವಳು, ಗಂಡ ಬಿಟ್ಟವಳು ಅಷ್ಟರವರೆಗೆ ಎಣಿಸಿದ ವರ್ಷಗಳನ್ನು ಕಳೆದುಕೊಳ್ಳಬಾರದು.

4. ತವರಿನಲ್ಲಿ ಹುಟ್ಟಿದ ಮಗುವಿಗೆ, ತಂದೆ ಈ ಪ್ರದೇಶದವನಾಗಿದ್ದರೆ, ಜನನ ಪತ್ರದ ಊರಿನ ಕಾರಣದಿಂದ ಹೆಚ್ಚಿನ ದಾಖಲೆ ಕೇಳಬಾರದು.

5. ವಲಸೆ ಬಂದ ಪರಿಶಿಷ್ಟ ಜಾತಿ, ಪಂಗಡದ ಹೆಂಗಸರಿಗೆ 1985ರ ಸೂಚನೆಯಂತೆ ಇಲ್ಲಿಯ ತಹಶೀಲ್ದಾರರೇ ಪತ್ರ ಕೊಡಬೇಕು. ತಂದೆಯ ಪತ್ರದ ಪರಿಶೀಲನೆ ರಾಯಚೂರು ಮತ್ತು ಗದ್ವಾಲದ ಜಿಲ್ಲಾ ಕಚೇರಿಗಳ ನಡುವಿನ ಕಾಗದ ವ್ಯವಹಾರವಾಗಬೇಕೇ ಹೊರತು ಆ ಹೆಣ್ಣುಮಗಳ ಓಡಾಟವಾಗಬಾರದು.

6. ರೇಷನ್ ಕಾರ್ಡಿಗೆ ಸೊಸೆಯ ಹೆಸರು ಸೇರಿಸುವುದನ್ನು ವರ್ಷವಿಡೀ ತೆರೆದಿಡಬೇಕು. ಅಲ್ಲಿ ತೆಗೆಯುವುದು ಇಲ್ಲಿ ಸೇರಿಸುವುದು ಎರಡೂ ಒಂದೇ ಅರ್ಜಿಯಲ್ಲಿ ಆಗುವಂತೆ ತೆಲಂಗಾಣ, ಆಂಧ್ರ ಸರ್ಕಾರಗಳ ಜೊತೆ ಮಾತಾಡಬೇಕು. ಇದರ ಜೊತೆಗೆ ಗ್ರಾಮ ಪಂಚಾಯಿತಿಯಲ್ಲೇ ತಿಂಗಳಿಗೊಮ್ಮೆ ಮದುವೆ ನೋಂದಣಿ ಶಿಬಿರ ನಡೆಸಬೇಕು.

7. ಹುಟ್ಟಿನಿಂದ ಒಂದೇ ಸಮುದಾಯಕ್ಕೆ ಸೇರಿ, ಮದುವೆಯ ಕಾರಣದಿಂದ ರಾಜ್ಯ ಬದಲಿಸಿದ ಪರಿಶಿಷ್ಟ ಹೆಂಗಸರಿಗೆ ಗಂಡನ ರಾಜ್ಯದಲ್ಲಿ ಮೀಸಲಾತಿ ಕೊಡುವ ಬಗ್ಗೆ ಸಂಸತ್ತು ಕಾಯ್ದೆ ಮಾಡಬೇಕೆಂದು ವಿಧಾನಸಭೆಯಲ್ಲಿ ನಿರ್ಣಯ ಮಾಡಿ ಕೇಂದ್ರಕ್ಕೆ ಕಳಿಸಬೇಕು. ನ್ಯಾಯಾಲಯ ಇರುವ ಕಾನೂನನ್ನು ಓದಿತು. ಕಾನೂನನ್ನು ಬದಲಿಸುವುದು ನ್ಯಾಯಾಲಯದ ಕೆಲಸವಲ್ಲ.

ಈ ಏಳರಲ್ಲಿ ಮೊದಲ ಎರಡಕ್ಕೆ ಹಣ ಬೇಡ, ತಿದ್ದುಪಡಿ ಬೇಡ, ಸಚಿವ ಸಂಪುಟದ ಒಪ್ಪಿಗೆಯೂ ಬೇಡ. ಮೂರರಿಂದ ಆರರವರೆಗಿನದು ಒಂದೊಂದು ಇಲಾಖೆಯ ಆದೇಶದಲ್ಲಿ, ಒಂದಿಷ್ಟು ಪತ್ರ ವ್ಯವಹಾರದಲ್ಲಿ ಮುಗಿಯುವ ಮಾತು. ಏಳನೆಯದು ಕಷ್ಟದ್ದು ಎಂದು ಗೊತ್ತಿದ್ದೇ ಕೊನೆಗೆ ಇಟ್ಟಿದ್ದೇನೆ.

ತಮ್ಮ ಉತ್ತರ 'ಇಲ್ಲ' ಎಂದೇ ಇದ್ದರೂ ಬೇಸರವಿಲ್ಲ, ಆದರೆ ಅದು ಬರಹದಲ್ಲಿರಲಿ, ನಿಯಮದ ಸಂಖ್ಯೆಯ ಸಮೇತ ಇರಲಿ. ಬರಹದ 'ಇಲ್ಲ' ಕೈಗೆ ಸಿಕ್ಕರೆ ಮೇಲ್ಮನವಿಗೆ ಯಾರ ಬಳಿ ಹೋಗಬೇಕು, ಶಾಸಕರನ್ನು ಏನು ಕೇಳಬೇಕು, ಸಂಸದರನ್ನು ಏನು ಕೇಳಬೇಕು ಎಂದು ನಮಗೆ ತಿಳಿಯುತ್ತದೆ. ಬಾಯಿಮಾತಿನ 'ಇಲ್ಲ' ಹಿಡಿದು ಯಾವ ಕಚೇರಿಗೂ ಹೋಗಲು ಬರುವುದಿಲ್ಲ. ಈ ಪತ್ರದ ಪ್ರತಿಯನ್ನು ನಮ್ಮ ಗ್ರಾಮಸಭೆಯ ಮುಂದೆ ಇಟ್ಟು, ಊರಿನ ಸೊಸೆಯರ ಸಹಿ ಹಾಕಿಸಿ ಮತ್ತೊಮ್ಮೆ ಕಳಿಸುತ್ತೇವೆ. ಮತದಾರರ ಪಟ್ಟಿಯಲ್ಲಿ ಅವರೆಲ್ಲರ ಹೆಸರೂ ಬಾಗಲವಾಡದಲ್ಲಿಯೇ ಇದೆ.

ಇಂತಿ ತಮ್ಮ ವಿಶ್ವಾಸಿ,
ಅರ್ಜಿ ಅಂಗಡಿಯವ ಹಾಗೂ ಗದ್ವಾಲದ ಅಳಿಯ,
ಬಾಗಲವಾಡ.

ಪ್ರತಿಗಳು: ಜಿಲ್ಲಾಧಿಕಾರಿಗಳು, ರಾಯಚೂರು, ಸಹಾಯಕ ಆಯುಕ್ತರು, ರಾಯಚೂರು, ಅಧ್ಯಕ್ಷರು, ಕರ್ನಾಟಕ ರಾಜ್ಯ ಮಹಿಳಾ ಆಯೋಗ, ಬೆಂಗಳೂರು.